ನೋವಿಲ್ಲ ಅನ್ನಬೇಡ, ಅಂಗಾಲು ತೋರಿಸು

ಹೋದ ಭಾನುವಾರ ಅಕ್ಕ ಫೋನಿನಲ್ಲಿ ನಗುನಗುತ್ತಾ ಹೇಳಿದಳು: "ನಿನ್ನ ಅಳಿಯನ ಮರೆವು ನೋಡೋ, ಎರಡು ಚಪ್ಪಲಿ ಮೆಟ್ಟಿಕೊಂಡು ತರಕಾರಿಗೆ ಹೋದವನು ಒಂದರಲ್ಲಿ ವಾಪಸು ಬಂದಿದ್ದಾನೆ. ಇನ್ನೊಂದು ಎಲ್ಲಿ ಬಿತ್ತೋ ಅವನಿಗೇ ಗೊತ್ತಿಲ್ಲ." ಹಿಂದಿನಿಂದ ನಿನ್ನ ನಗುವೂ ಕೇಳಿಸಿತು. ನನಗೆ ನಗು ಬರಲಿಲ್ಲ ಕಣಪ್ಪ. ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಸಕ್ಕರೆ ಕಾಯಿಲೆಯವರ ಕಾಲು ನೋಡುತ್ತಲೇ ತಲೆ ನರೆಸಿಕೊಂಡವನು ನಾನು. "ಚಪ್ಪಲಿ ಜಾರಿಹೋದ್ರೂ ಗೊತ್ತಾಗಲ್ಲ ಸಾರ್" ಅನ್ನುವ ಮಾತು ಅಲ್ಲಿ ಬೆಳಗಾದರೆ ಕಿವಿಗೆ ಬೀಳುತ್ತಿತ್ತು. ಅದನ್ನು ಮರೆವಿನ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಿದ್ದವರನ್ನು ಆಮೇಲೆ ಬ್ಯಾಂಡೇಜು ಸುತ್ತಿದ ಕಾಲಲ್ಲಿ ನೋಡಿದ್ದೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಈ ಸಲ ಶಿವರಾತ್ರಿಗೆ ಗೆಳೆಯರ ಜೊತೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟಿದ್ದೀಯಂತೆ, ಅದೂ ಬರಿಗಾಲಲ್ಲಿ, ಹರಕೆ ಹೊತ್ತಿದ್ದೀಯಂತೆ. ಶುಗರ್ ಬಂದು ಆರು ವರ್ಷವಾಯಿತು, ಕಾಲು ಹೇಗಿದೆ ಅಂತ ಕೇಳಿದರೆ ನೀನು ಫೋನು ಕಸಿದುಕೊಂಡು "ಒಂಚೂರೂ ನೋವಿಲ್ಲ ಮಾವ" ಅಂದುಬಿಟ್ಟೆ. ಈ ಕಾಗದ ಆ ಒಂದು ಮಾತಿಗೆ.

ನೋವಿಲ್ಲ ಅನ್ನುವವರಲ್ಲಿ ಎರಡು ಥರದವರು. ಗಾಯವೇ ಇಲ್ಲದ್ದರಿಂದ ನೋವಿಲ್ಲದವರು ಒಂದು, ಗಾಯವಾಗಿದ್ದೂ ಅದರ ಸುದ್ದಿ ತಲೆಗೆ ಮುಟ್ಟದವರು ಇನ್ನೊಂದು. ಇಬ್ಬರ ಮುಖದ ಮೇಲಿನ ನೆಮ್ಮದಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರುವುದಿಲ್ಲ. ಒಬ್ಬರು ಮೇಷ್ಟ್ರು ಮಂಡಿನೋವಿಗೆ ಅಂತ ಬಂದಿದ್ದರು. ಚಪ್ಪಲಿ ಬಿಟ್ಟು ಮಂಚದ ಮೇಲೆ ಕೂತುಕೊಳ್ಳಿ ಅಂದರೆ ಚಪ್ಪಲಿ ಕಾಲಿನ ಜೊತೆಗೇ ಮೇಲೆ ಬಂತು. ಅಟ್ಟೆಯ ಕೆಳಗಿನಿಂದ ಹಾಯ್ದ ಮೊಳೆಯೊಂದು ಹೆಬ್ಬೆರಳಿನ ಬುಡಕ್ಕೆ ಹೊಕ್ಕು ಕಾಲಿಗೂ ಚಪ್ಪಲಿಗೂ ಹೊಲಿಗೆ ಹಾಕಿಬಿಟ್ಟಿತ್ತು. ಬೆಳಗ್ಗೆಯಿಂದ ಅವರು ಸ್ಕೂಲು, ಬ್ಯಾಂಕು, ಬಸ್‌ಸ್ಟ್ಯಾಂಡು ಎಲ್ಲ ಸುತ್ತಿದ್ದರು. "ಏನೋ ಚಪ್ಪಲಿ ಸ್ವಲ್ಪ ಬಿಗಿಯಾದ ಹಾಗಿತ್ತು" ಅಂದರು, ಅಷ್ಟೆ. ಮಂಡಿನೋವಿನ ಮಾತು ಆ ದಿನ ಎತ್ತಲೇ ಇಲ್ಲ.

ಹೀಗೇಕಾಗುತ್ತದೆ ಅನ್ನುವುದು ತಿಳಿಯಬೇಕಾದರೆ ಚರ್ಮದೊಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು. ಇಟಲಿಯ ಪಿಸ್ತೋಯಾ ಊರಿನಲ್ಲಿ 1831ರಲ್ಲಿ ಫಿಲಿಪ್ಪೊ ಪಾಚೀನಿ ಅನ್ನುವ ಎಳೆಯ ವೈದ್ಯ ವಿದ್ಯಾರ್ಥಿ ಹೆಣದ ಕೈಯನ್ನು ಕೊಯ್ದು ಬಿಡಿಸುತ್ತಿದ್ದಾಗ ಬೆರಳಿನ ನರಗಳ ಉದ್ದಕ್ಕೂ ಸಣ್ಣ ಬಿಳಿ ಕಾಳುಗಳು ಕಂಡವು. ಜರ್ಮನಿಯ ಅಬ್ರಹಾಂ ಫಾಟರ್ ಅವನ್ನು 1741ರಷ್ಟು ಹಿಂದೆಯೇ ನೋಡಿದ್ದನಾದರೂ ಜನ ಮರೆತುಬಿಟ್ಟಿದ್ದರು. ಒಂದೊಂದು ಕಾಳೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಉದ್ದ, ಬರಿಗಣ್ಣಿಗೇ ಕಾಣುತ್ತದೆ. ಅಡ್ಡ ಕೊಯ್ದು ನೋಡಿದರೆ ಈರುಳ್ಳಿಯ ಹಾಗೆ ಪದರದ ಮೇಲೆ ಪದರ, ನಟ್ಟನಡುವೆ ಒಂದು ನರದ ತುದಿ. ಕಂಪನ ಹಿಡಿಯುವುದು ಇದರ ಕಸುಬು. ಸೆಕೆಂಡಿಗೆ 200-300 ಸಲದ ನಡುಕ ಇದಕ್ಕೆ ಚೆನ್ನಾಗಿ ತಾಗುತ್ತದೆ. ಜೇಬಿನಲ್ಲಿ ಫೋನು ಗುರ್ ಅಂದದ್ದು ನಿನಗೆ ತಿಳಿಯುವುದು, ಲಾರಿ ಬರುವ ಮೊದಲೇ ರಸ್ತೆ ಅದುರಿದ್ದು ಅಂಗಾಲಿಗೆ ಗೊತ್ತಾಗುವುದು ಇದರಿಂದಲೇ. ಇದೇ ಪಾಚೀನಿ ಮುಂದೆ 1854ರಲ್ಲಿ ಕಾಲರಾ ರೋಗಾಣುವನ್ನೂ ಕಂಡುಹಿಡಿದ, ಆಗ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅನ್ನುವುದು ಬೇರೆ ಕಥೆ.

ಪಾಚೀನಿಯ ಕಾಳುಗಳು ಚರ್ಮದ ಆಳದಲ್ಲಿರುತ್ತವೆ. ಮೇಲ್ಮೈಗೆ ಹತ್ತಿರ ಮೈಸ್ನರ್ 1852ರಲ್ಲಿ ವಿವರಿಸಿದ ಪುಟ್ಟ ಗುಳಿಗೆಗಳಿವೆ, ನಯವಾಗಿ ಸವರಿದ್ದು, ಹಿಡಿದ ಲೋಟ ಜಾರತೊಡಗಿದ್ದು ಇವಕ್ಕೆ ಗೊತ್ತಾಗುತ್ತದೆ. 1875ರಲ್ಲಿ ಮೆರ್ಕೆಲ್ ಗುರುತಿಸಿದ ಕಣಗಳಿಗೆ ಅಂಚು, ಮೂಲೆ, ಒರಟುತನ ಇವೇ ವಿಷಯ, ಅಂಧರು ಬ್ರೈಲ್ ಚುಕ್ಕೆ ಓದುವುದು ಮುಖ್ಯವಾಗಿ ಇವುಗಳ ಬಲದಿಂದ. ಚರ್ಮ ಎಳೆದುಕೊಂಡದ್ದನ್ನು ಹೇಳುವ ರುಫೀನಿಯ ತುದಿಗಳು ಬೇರೆ. ಒಂದು ಅಂಗೈಯಲ್ಲಿ, ಬೆರಳೂ ಸೇರಿ, ಇಂಥ ಸ್ಪರ್ಶದ ನರಗಳು ಸುಮಾರು 17,000 ಇವೆ ಅಂತ ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ಬೊ 1979ರಲ್ಲಿ ಲೆಕ್ಕ ಕೊಟ್ಟರು. ಮೈಯೆಲ್ಲ ಒಂದೇ ಸಮ ಹಂಚಿಲ್ಲ ಇವು. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಂತರದ ಎರಡು ಮೊನೆಗಳನ್ನು ಎರಡು ಅಂತಲೇ ಹೇಳಬಲ್ಲೆ. ಬೆನ್ನಿನ ಮೇಲಾದರೆ ನಾಲ್ಕು ಸೆಂಟಿಮೀಟರ್ ದೂರವಿಟ್ಟರೂ ಒಂದೇ ಅನ್ನಿಸಬಹುದು. ಬೆನ್ನು ತುರಿಸುವಾಗ "ಅಲ್ಲಲ್ಲ, ಇನ್ನೊಂಚೂರು ಮೇಲೆ, ಈ ಕಡೆ" ಅಂತ ನಿಮ್ಮತ್ತೆಯ ಪ್ರಾಣ ನಾನು ತಿನ್ನುವುದಕ್ಕೆ ಕಾರಣ ಇಷ್ಟೇ.

ಇವುಗಳಲ್ಲಿ ಕೆಲವಕ್ಕೆ ಹೊಸ ಸುದ್ದಿಯಷ್ಟೇ ಬೇಕು. ಮುಟ್ಟಿದ ಕ್ಷಣ, ಬಿಟ್ಟ ಕ್ಷಣ ವರದಿ ಮಾಡಿ ನಡುವೆ ಸುಮ್ಮನಾಗುತ್ತವೆ. ಸೊಂಟದ ಉಡಿದಾರ, ಕೈಗಡಿಯಾರ, ಅಂಗಿಯ ಕಾಲರು ಇದ್ದದ್ದೇ ಮರೆತುಹೋಗುವುದು ಅದಕ್ಕೆ. ಮೆರ್ಕೆಲ್ ಕಣಗಳಂಥವು ಮಾತ್ರ ಒತ್ತಡ ಇರುವ ತನಕ ಹೇಳುತ್ತಲೇ ಇರುತ್ತವೆ. ನಿಂತಾಗ ನಿನ್ನ ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲಿದೆಯೋ ಅನ್ನುವ ಸಮಾಚಾರ ಅಂಗಾಲಿನಿಂದ ಹಾಗೆ ಹೋಗುತ್ತಿರುವುದರಿಂದಲೇ ಓಲಾಡದೆ ನಿಲ್ಲುತ್ತೀಯ. ಬೇಸಿನ್ನಿನ ಮುಂದೆ ಕಣ್ಣು ಮುಚ್ಚಿ ಮುಖಕ್ಕೆ ಸೋಪು ಹಚ್ಚುವಾಗ ನಿನಗೆ ಓಲಿದ ಹಾಗಾಗುತ್ತದೆಯೇ? ಗೋಡೆ ಹಿಡಿಯಬೇಕು ಅನ್ನಿಸುತ್ತದೆಯೇ? ಈ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಬೇಡ, ಡಾಕ್ಟರಿಗೆ ಹೇಳು.

ನೋವು, ಬಿಸಿ, ತಂಪು, ತುರಿಕೆ ಇವನ್ನೆಲ್ಲ ಹಿಡಿಯುವ ನರಗಳಿಗೆ ಕಾಳೂ ಇಲ್ಲ, ಗುಳಿಗೆಯೂ ಇಲ್ಲ. ಬೆತ್ತಲೆ ತುದಿಗಳು ಕವಲೊಡೆದು ಹೊರಚರ್ಮದವರೆಗೂ ಬಂದಿರುತ್ತವೆ. ಡೇವಿಡ್ ಜೂಲಿಯಸ್ 1997ರಲ್ಲಿ ಮೆಣಸಿನಕಾಯಿಯ ಖಾರವನ್ನೇ ಹಿಡಿದು ಹುಡುಕುತ್ತಾ ಹೋಗಿ, ಈ ತುದಿಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಳ್ಳುವ ಪ್ರೊಟೀನೊಂದನ್ನು ಕಂಡುಹಿಡಿದರು. ಖಾರಕ್ಕೂ ಕೆಂಡಕ್ಕೂ ಬಾಗಿಲು ಒಂದೇ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ರಾತ್ರಿಯೆಲ್ಲ ಉರಿಯುವುದು ಸುಟ್ಟಿರುವುದರಿಂದಲ್ಲ. ಒತ್ತುವಿಕೆಗೆ ಸ್ಪಂದಿಸುವ ಪ್ರೊಟೀನನ್ನು ಹುಡುಕಿದವರು ಆರ್ಡೆಮ್ ಪಟಪೌಟಿಯನ್. ಜೀವಕೋಶಕ್ಕೆ ಗಾಜಿನ ಸೂಜಿಯಿಂದ ತಿವಿಯುತ್ತಾ, 72 ಜೀನುಗಳ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಬಾಯಿ ಮುಚ್ಚಿಸುತ್ತಾ ಹೋದರೆ ಬೇಕಾದದ್ದು ಸಿಕ್ಕಿದ್ದು 72ನೆಯದರಲ್ಲಿ. 2021ರ ನೊಬೆಲ್ ಇಬ್ಬರಿಗೂ ಹಂಚಿಬಂತು. ಸಂಶೋಧನೆ ಮಾಡುವವರ ತಾಳ್ಮೆಯಲ್ಲಿ ಹತ್ತರಲ್ಲೊಂದು ಪಾಲು ತಾಳ್ಮೆ ನಿನ್ನ ಕಾಲಿನ ಮೇಲೆ ನಿನಗಿದ್ದರೆ ನಾನು ಇಷ್ಟುದ್ದ ಬರೆಯಬೇಕಾಗಿರಲಿಲ್ಲ.

ಸುದ್ದಿ ಹೋಗುವ ವೇಗವೂ ಒಂದೇ ಅಲ್ಲ. ಮುಟ್ಟಿದ್ದನ್ನು ಹೇಳುವ ದಪ್ಪ ನರಗಳಲ್ಲಿ ಸೆಕೆಂಡಿಗೆ 35ರಿಂದ 75 ಮೀಟರ್. ನೋವಿನ ಅತಿ ತೆಳು ನರಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಹೋದರೆ ದೊಡ್ಡದು. ಹೊಸ್ತಿಲಿಗೆ ಕಿರುಬೆರಳು ಎಡವಿದಾಗ ಮೊದಲು ಚುರುಕ್ ಅಂದು, ಒಂದು ಉಸಿರು ಬಿಟ್ಟು ಆಮೇಲೆ ಅಸಲು ನೋವು ಬರುತ್ತದಲ್ಲ, ಅದು ಕಾಲಬೆರಳಿನಿಂದ ತಲೆಯವರೆಗೆ ನಿಧಾನವಾಗಿ ನಡೆದು ಬಂದ ನೋವು. ತಕ್ಷಣ ನಾವು ಆ ಜಾಗ ಉಜ್ಜುತ್ತೇವೆ. ಉಜ್ಜಿದ ಸುದ್ದಿ ದಪ್ಪ ನರದಲ್ಲಿ ಹೋಗಿ ಬೆನ್ನುಹುರಿಯ ಬಾಗಿಲಲ್ಲೇ ನೋವಿನ ಸುದ್ದಿಯನ್ನು ತಡೆಹಿಡಿಯುತ್ತದೆ ಅಂತ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಾದಿಸಿದರು. ನಿಮ್ಮಜ್ಜಿ ಬಿದ್ದ ಮಕ್ಕಳ ಮಂಡಿ ನೀವುತ್ತಿದ್ದದ್ದು ಸುಮ್ಮನೆ ಮುದ್ದಿಗಲ್ಲ.

ಇನ್ನು ನಿನ್ನ ವಿಷಯ. ಕಾಲಬೆರಳಿನ ನರ ಹುಟ್ಟುವುದು ಸೊಂಟದ ಮಟ್ಟದಲ್ಲಿ, ಅಲ್ಲಿಂದ ಬೆರಳ ತುದಿಗೆ ಒಂದು ಮೀಟರಿನಷ್ಟು ಉದ್ದದ ಒಂದೇ ಎಳೆ. ಮೈಯಲ್ಲಿ ಇದಕ್ಕಿಂತ ಉದ್ದದ ಎಳೆ ಹುಡುಕಿದರೂ ಸಿಗುವುದು ಕಷ್ಟ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ನರಕ್ಕೂ ಪೆಟ್ಟು, ನರಕ್ಕೆ ಆಹಾರ ಒಯ್ಯುವ ಕೂದಲೆಳೆಯಂಥ ರಕ್ತನಾಳಕ್ಕೂ ಪೆಟ್ಟು. ಉದ್ದದ ಎಳೆಗಳ ತುದಿಯೇ ಮೊದಲು ಸೊರಗುತ್ತದೆ. ಹಾಗಾಗಿ ಬೆರಳಲ್ಲಿ ಶುರುವಾಗಿ ಕಾಲುಚೀಲ ಎಳೆದುಕೊಂಡ ಹಾಗೆ ಮೇಲಕ್ಕೆ ಏರುತ್ತಾ ಹೋಗುತ್ತದೆ. ಎರಡೂ ಕಾಲಿಗೆ ಹೆಚ್ಚುಕಡಿಮೆ ಒಂದೇ ಸಮ. ಮೊಳಕಾಲ ಹತ್ತಿರಕ್ಕೆ ಬರುವ ಹೊತ್ತಿಗೆ ಕೈಬೆರಳಿಗೂ ಜೋಮು ಹತ್ತಿರುತ್ತದೆ.

ಇದರಲ್ಲಿ ಒಂದು ಮೋಸವಿದೆ, ಅದಕ್ಕೆ ಬೀಳದವರು ಕಮ್ಮಿ. ರಾತ್ರಿ ಮಲಗಿದರೆ ಅಂಗಾಲು ಉರಿಯುತ್ತದೆ, ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಅಷ್ಟೆಲ್ಲ ಉರಿ ಇದ್ದ ಮೇಲೆ ಸ್ಪರ್ಶ ಚೆನ್ನಾಗಿಯೇ ಇರಬೇಕಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಕೆಟ್ಟ ನರವೇ ಹೊರಗೆ ಏನೂ ಆಗದಿದ್ದರೂ ಉರಿ ಉರಿ ಅಂತ ಕೂಗುತ್ತದೆ, ಮುಳ್ಳು ನಿಜವಾಗಿ ಹೊಕ್ಕಾಗ ಸದ್ದೆತ್ತುವುದಿಲ್ಲ. ಎರಡೂ ಒಂದೇ ಕಾಲಿನಲ್ಲಿ ಇರಬಹುದು. ಉರಿ ಕಡಿಮೆಯಾಯಿತು ಅಂತ ಖುಷಿಪಟ್ಟವರ ಕಾಲು ಪರೀಕ್ಷಿಸಿದಾಗ, ಇದ್ದಬದ್ದ ನರವೂ ಕೈಬಿಟ್ಟಿದ್ದರಿಂದ ಉರಿ ನಿಂತಿದ್ದನ್ನು ನೋಡಿದ್ದೇನೆ. ಜೊತೆಗೆ ಬೆವರು ಬರಿಸುವ ನರಗಳೂ ಕೆಡುವುದರಿಂದ ಪಾದ ಒಣಗುತ್ತದೆ, ಹಿಮ್ಮಡಿ ಸೀಳುತ್ತದೆ, ಆ ಸೀಳಿನಲ್ಲಿ ಸೋಂಕು ಮನೆ ಮಾಡುತ್ತದೆ. ಇನ್ನೊಂದು, ನೀನು ನುಂಗುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಬಿ12 ಜೀವಸತ್ವ ತಗ್ಗುತ್ತದೆ, ಮೊಟ್ಟೆ ಮಾಂಸ ಮುಟ್ಟದ ನಮ್ಮಂಥ ಮನೆಗಳಲ್ಲಿ ಅದು ಮೊದಲೇ ಕಮ್ಮಿ, ಅದರ ಕೊರತೆಯೂ ನರ ಕೆಡಿಸುತ್ತದೆ. ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ, ಬಿ12 ನೋಡಿಸಬೇಕೇ ಅಂತ ಮಾತ್ರ ಡಾಕ್ಟರನ್ನು ಕೇಳು. ಸತ್ತ ನರ ಪೂರ್ತಿ ಮರಳುವುದನ್ನು ನಂಬಿ ಕೂರುವ ಹಾಗಿಲ್ಲ, ಶುಗರ್ ಹಿಡಿತದಲ್ಲಿಟ್ಟರೆ ಇರುವುದು ಇನ್ನಷ್ಟು ದಿನ ಉಳಿಯುತ್ತದೆ.

ಈ ವಿದ್ಯೆಯಲ್ಲಿ ನನ್ನಂಥವರಿಗೆಲ್ಲ ಗುರು ಅಂದರೆ ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಇಂಗ್ಲಿಷ್ ಮಿಷನರಿ ದಂಪತಿಗೆ ಹುಟ್ಟಿದವರು. ಸರ್ಜನ್ ಆಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ಬಂದವರ ಬೆರಳು ರೋಗದಿಂದಲೇ ಕೊಳೆತು ಉದುರುತ್ತದೆ ಅಂತ ಆಗಿನ ಡಾಕ್ಟರುಗಳೂ ನಂಬಿದ್ದರು. ಒಂದು ದಿನ ತುಕ್ಕು ಹಿಡಿದ ಬೀಗ ಎಷ್ಟು ತಿರುಚಿದರೂ ಬ್ರಾಂಡ್ ಕೈಯಲ್ಲಿ ತೆಗೆಯಲಾಗಲಿಲ್ಲವಂತೆ. ಪಕ್ಕದಲ್ಲಿದ್ದ ರೋಗಿ ಹುಡುಗ, ನೋಡಲು ನರಪೇತಲ, ಕೀಲಿಕೈ ಹಿಡಿದು ಒಂದೇ ತಿರುವಿಗೆ ತೆಗೆದುಬಿಟ್ಟ. ನೆಲದ ಮೇಲೆ ರಕ್ತದ ಹನಿ. ಹುಡುಗನ ಬೆರಳು ಮೂಳೆ ಕಾಣುವ ಹಾಗೆ ಸೀಳಿತ್ತು, ಅವನಿಗೆ ಗೊತ್ತೇ ಇಲ್ಲ. ಶಕ್ತಿ ಅವನಲ್ಲಿ ಹೆಚ್ಚಿರಲಿಲ್ಲ, ಇನ್ನು ಸಾಕು ಅಂತ ನಮ್ಮೆಲ್ಲರ ಕೈಗೂ ಹೇಳುವ ನೋವು ಅವನಿಗಿರಲಿಲ್ಲ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೆರಳಿನ ತುಂಡು ಕಾಣೆಯಾಗುತ್ತಿದ್ದದ್ದಕ್ಕೆ ಕಾವಲು ಕೂತು ನೋಡಿದರೆ, ಮಲಗಿದ್ದವರ ಬೆರಳನ್ನು ಇಲಿ ಕಡಿಯುತ್ತಿತ್ತು. ಅಲ್ಲಿಂದ ಮನೆಗೆ ಹೊರಟವರ ಕೈಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸಿದರು ಬ್ರಾಂಡ್. ಔಷಧಿ ಚೀಟಿಯಲ್ಲಿ ಬೆಕ್ಕು ಬರೆದ ಸರ್ಜನ್ ಇವರೊಬ್ಬರೇ ಇರಬೇಕು.

1966ರಲ್ಲಿ ಅವರು ಅಮೆರಿಕದ ಲೂಸಿಯಾನಾದಲ್ಲಿದ್ದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಮಾಡಿದ ಕೆಲಸವೇ ಸಕ್ಕರೆ ಕಾಯಿಲೆಯ ಕಾಲಿಗೂ ದಾರಿ ತೋರಿಸಿದ್ದು. ಗಾಯ ಆಗಲು ಮೊಳೆಯೋ ಗಾಜೋ ಬೇಕೇಬೇಕು ಅಂತಿಲ್ಲ. ಬಿಗಿ ಬೂಟು ಸಣ್ಣಗೆ ಒತ್ತುತ್ತಲೇ ಇದ್ದರೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಮೂರನೆಯದೊಂದಿದೆ, ಪಾದಯಾತ್ರೆಗೆ ಹೊರಟ ನೀನು ಇದನ್ನು ಎರಡು ಸಲ ಓದು: ಅದೇ ಜಾಗದ ಮೇಲೆ ಅಷ್ಟೇ ಭಾರ ಸಾವಿರಾರು ಸಲ ಬೀಳುವುದು. ಒಂದು ಹೆಜ್ಜೆಯಿಂದ ಏನೂ ಆಗದು. ಬೆಳಗಿನಿಂದ ಸಂಜೆವರೆಗೆ ಬಿದ್ದರೆ ಒಳಗಿನ ಮಾಂಸ ಊದಿಕೊಂಡು ಬಿಸಿಯಾಗುತ್ತದೆ, ಮರುದಿನವೂ ಅಲ್ಲೇ ಬಿದ್ದರೆ ಹುಣ್ಣಾಗುತ್ತದೆ. ಸ್ಪರ್ಶ ಸರಿಯಿರುವವನು ಬಹಳ ನಡೆದ ಮೇಲೆ ಅವನಿಗೇ ಅರಿವಿಲ್ಲದೆ ನಡಿಗೆ ಬದಲಿಸುತ್ತಾನೆ, ಭಾರ ಸ್ವಲ್ಪ ಹೊರಬದಿಗೆ ಹಾಕುತ್ತಾನೆ, ಹೆಜ್ಜೆ ಚಿಕ್ಕದು ಮಾಡುತ್ತಾನೆ, ಕೊನೆಗೆ ಕುಂಟುತ್ತಾನೆ. ನೊಂದ ಜಾಗಕ್ಕೆ ಅಷ್ಟು ಬಿಡುವು ಸಿಗುತ್ತದೆ. ಸ್ಪರ್ಶ ಹೋದವನು ಮೊದಲ ಮೈಲಿಯಲ್ಲಿ ಇಟ್ಟ ಹೆಜ್ಜೆಯನ್ನೇ ಕೊನೆಯ ಮೈಲಿಯಲ್ಲೂ ಇಡುತ್ತಾನೆ. ನೋಡಿದವರು ಎಂಥ ಗಟ್ಟಿ ಕಾಲಪ್ಪ ಅನ್ನುತ್ತಾರೆ.

ನೋವು ಇಲ್ಲದವರಿಗೆ ಕೃತಕ ನೋವು ಕೊಡೋಣ ಅಂತಲೂ ಬ್ರಾಂಡ್ ತಂಡ ಹೊರಟಿತು. ಕೈಗವಸು, ಕಾಲುಚೀಲಗಳಲ್ಲಿ ಒತ್ತಡ ಅಳೆಯುವ ಸಾಧನ ಕೂರಿಸಿ, ಮಿತಿ ಮೀರಿದರೆ ಕಿವಿಯಲ್ಲಿ ಸದ್ದಾಗುವ ಹಾಗೆ ಮಾಡಿದರು. ಸದ್ದು ಕೇಳಿಸಿದರೂ ಜನ ಕೆಲಸ ನಿಲ್ಲಿಸಲಿಲ್ಲ. ಕಂಕುಳಿಗೆ ಸಣ್ಣ ವಿದ್ಯುತ್ ಷಾಕ್ ಕೊಟ್ಟರು. ಭಾರ ಎತ್ತಬೇಕಾದಾಗ ಸ್ವಿಚ್ ಆರಿಸಿ ಕೆಲಸ ಮುಗಿಸಿ ಮತ್ತೆ ಹಾಕಿಕೊಂಡರು. ಬುದ್ಧಿ ಎಷ್ಟು ಹೇಳಿದರೂ ಕೈ ಕೇಳಲಿಲ್ಲ. ಕೈಗೆಟುಕುವ ಜಾಗದಲ್ಲಿ ಸ್ವಿಚ್ ಇಲ್ಲದಿರುವುದೇ ನಿಜವಾದ ನೋವಿನ ಗುಣ ಅಂತ ಅವರಿಗೆ ಮನದಟ್ಟಾಗಿ ಆ ಯೋಜನೆ ಕೈಬಿಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಕೈಬಿಡುತ್ತಿದ್ದೆ, ನಿನ್ನಂಥ ಅಳಿಯಂದಿರನ್ನು ನೋಡಿ ಇನ್ನೂ ಬೇಗ.

ಯಂತ್ರ ಬೇಡ, ಮನೆಯಲ್ಲೇ ಆಗುವ ಒಂದು ಪರೀಕ್ಷೆ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು 2011ರಲ್ಲಿ ಪ್ರಕಟಿಸಿದ್ದು. ಕಾಲುಚೀಲ ತೆಗೆದು ಮಲಗಿ ಕಣ್ಣು ಮುಚ್ಚಿಕೋ. ನಿನ್ನ ಹೆಂಡತಿ ತೋರುಬೆರಳಿನ ತುದಿಯಿಂದ ನಿನ್ನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು, ಎರಡೂ ಕಾಲಿನವು ಸೇರಿ ಒಟ್ಟು ಆರು ಜಾಗ, ಹಿಂದು ಮುಂದು ಮಾಡಿ ಮುಟ್ಟಲಿ. ಗರಿ ತಾಗಿದಷ್ಟು ಹಗುರ, ಒಂದೆರಡು ಸೆಕೆಂಡು, ಅಷ್ಟೇ. ಒತ್ತಬಾರದು, ತಟ್ಟಬಾರದು, ಚುಚ್ಚಬಾರದು. ಗೊತ್ತಾಗಲಿಲ್ಲ ಅಂತ ಅದೇ ಬೆರಳನ್ನು ಇನ್ನೊಂದು ಸಲ ಜೋರಾಗಿ ಮುಟ್ಟುವ ಹಾಗೂ ಇಲ್ಲ. ಮುಟ್ಟಿದ್ದು ಎಡವೋ ಬಲವೋ ನೀನು ಹೇಳಬೇಕು. ಆರರಲ್ಲಿ ಎರಡು ತಪ್ಪಿದರೆ ಸ್ಪರ್ಶ ಕುಗ್ಗಿದೆ ಅಂತಲೇ ಲೆಕ್ಕ. ಅವಳು ಮುಟ್ಟದೆಯೂ ಒಂದೆರಡು ಸಲ ಸುಮ್ಮನೆ ಕೂರಲಿ. ಯಾಕೆಂದರೆ ನಮ್ಮ ಕೋಣೆಯಲ್ಲಿ ನಾನು ಕೈ ಎತ್ತುವ ಮೊದಲೇ "ಹ್ಞೂಂ, ಹ್ಞೂಂ" ಅಂತ ತಾಳ ಹಾಕುತ್ತಿದ್ದ ಮಹನೀಯರನ್ನು ಬೇಕಾದಷ್ಟು ಕಂಡಿದ್ದೇನೆ.

ಅದಾದ ಮೇಲೆ ಆಸ್ಪತ್ರೆಗೆ ಹೋಗು. ಅಲ್ಲಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತುತ್ತಾರೆ. ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವಂಥ ಎಳೆ, ಅದು ಬಾಗಿದರೂ ನಿನಗೆ ತಿಳಿಯದ ಜಾಗ ಹುಣ್ಣಾಗಲು ತಯಾರಾಗಿರುವ ಜಾಗ. 128 ಹರ್ಟ್ಸಿನ ಶ್ರುತಿಕವಲನ್ನು ಮೀಟಿ ಹೆಬ್ಬೆರಳಿನ ಮೂಳೆಗೆ ಹಿಡಿಯುತ್ತಾರೆ. ಕಾಲಿನ ನಾಡಿ ಮುಟ್ಟಿ ರಕ್ತ ಹರಿಯುತ್ತಿದೆಯೇ ನೋಡುತ್ತಾರೆ. ಇಷ್ಟಕ್ಕೆ ಹತ್ತು ನಿಮಿಷವೂ ಬೇಡ, ನೋವಂತೂ ಇಲ್ಲವೇ ಇಲ್ಲ. ಪಾದಯಾತ್ರೆಗೆ ಹೋಗಬಹುದೋ ಇಲ್ಲವೋ ಅನ್ನುವುದನ್ನು ನಾನೂ ಹೇಳುವುದಿಲ್ಲ, ನಿನ್ನ ಗೆಳೆಯರೂ ಹೇಳಬಾರದು. ಕಾಲು ಮುಟ್ಟಿ ನೋಡಿದ ಡಾಕ್ಟರು ಹೇಳಬೇಕು.

ಹೋಗು ಅಂದರೆ ಬೂಟು ಹಾಕಿಕೊಂಡೇ ಹೋಗು. ಹರಕೆಯ ಮಾತು ನನಗೆ ಅರ್ಥವಾಗುತ್ತದೆ. ಮಂಜುನಾಥಸ್ವಾಮಿಯ ಹತ್ತಿರ ತಪ್ಪುಕಾಣಿಕೆ ಕಟ್ಟಿ ಹೇಳಿಕೊಂಡರಾಯಿತು, ಚಪ್ಪಲಿ ಬಿಡುವ ಭಕ್ತಿಯನ್ನು ದೇವಸ್ಥಾನದ ಬಾಗಿಲಲ್ಲಿ ತೋರಿಸು. ಅಲ್ಲೂ ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿನಲ್ಲಿ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ನಿಲ್ಲಬೇಡ. ಎಲ್ಲರೂ ಕುಣಿದುಕೊಂಡು ನೆರಳಿಗೆ ಓಡುವ ಕಲ್ಲಿನ ಮೇಲೆ ನೀನೊಬ್ಬನೇ ಕೈಮುಗಿದು ಹಾಯಾಗಿ ನಿಂತಿದ್ದರೆ ಅದು ಭಕ್ತಿಯ ಪವಾಡ ಅಂತ ತಿಳಿಯಬೇಡ. ಪ್ರದಕ್ಷಿಣೆ ಮುಗಿಸಿ ಅಂಗಾಲಿನ ಪೂರಾ ಚರ್ಮ ಬೊಬ್ಬೆ ಎದ್ದವರನ್ನು ನಾನು ಉಪಚರಿಸಿದ್ದೇನೆ. ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕಾಲು ಚಾಚಿ ನಿದ್ದೆ ಹೋಗಿ ಹಿಮ್ಮಡಿ ಸುಟ್ಟುಕೊಂಡವರನ್ನೂ. ರಾತ್ರಿ ತಂಗಿದಲ್ಲಿ ಯಾರಾದರೂ ದಣಿದ ಕಾಲಿಗೆ ಬಿಸಿನೀರು ಕಾಯಿಸಿ ಕೊಟ್ಟರೆ ದಮ್ಮಯ್ಯ ಬೇಡ ಅನ್ನು. ಹದ ನೋಡಲು ನಿನ್ನ ಕಾಲನ್ನು ನಂಬುವ ಹಾಗಿಲ್ಲ.

ದಾರಿಯಲ್ಲಿ ಗಂಟೆಗೊಮ್ಮೆ ಕೂತು ಬೂಟು ಕಳಚು. ಬೂಟು ಕೊಡವಿ, ಒಳಗೆ ಕೈ ಹಾಕಿ ತಡವು, ಕಲ್ಲಿನ ಹರಳೋ ಹೊಲಿಗೆಯ ಗಂಟೋ ಇದ್ದರೆ ಕೈಗೆ ಸಿಗುತ್ತದೆ. ಕಾಲುಚೀಲ ಬಿಳಿಯದೇ ಇರಲಿ, ರಕ್ತವೋ ಕೀವೋ ಒಸರಿದರೆ ಕಣ್ಣಿಗೆ ಬೀಳಬೇಕು. ಅಂಗೈಯ ಹಿಂಬದಿಯಿಂದ ಎರಡೂ ಅಂಗಾಲನ್ನು ಒಂದಾದ ಮೇಲೊಂದು ಮುಟ್ಟಿ ನೋಡು, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ. ಒಂದು ಕಾಲಿನ ಯಾವುದೋ ಜಾಗ ಇನ್ನೊಂದು ಕಾಲಿನ ಅದೇ ಜಾಗಕ್ಕಿಂತ ಬಿಸಿಯಾಗಿದ್ದು, ಅರ್ಧ ಗಂಟೆ ಕೂತರೂ ಆರದಿದ್ದರೆ ಅಲ್ಲಿಗೆ ನಿನ್ನ ನಡಿಗೆ ಮುಗಿಯಿತು, ಬಸ್ಸು ಹತ್ತು. ಕಾಲಿಗೆ ಉಷ್ಣಮಾಪಕ ಹಿಡಿಯುವ ವೈದ್ಯರು 2.2 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವನ್ನೇ ಅಪಾಯದ ಗೆರೆ ಅಂತ ಇಟ್ಟುಕೊಂಡಿದ್ದಾರೆ. ಚರ್ಮ ಒಡೆಯುವ ಎಷ್ಟೋ ಮೊದಲೇ ಈ ಬಿಸಿ ಸಿಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರ್ದೋಸೆಗೆ ಅಂತ ಕೂತೇ ಕೂರುತ್ತೀರಿ, ದೋಸೆ ಬರುವಷ್ಟರಲ್ಲಿ ಈ ಕೆಲಸ ಮುಗಿಯುತ್ತದೆ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬೆರಳುಗಳೆಲ್ಲ ಬೂಟಿನ ಮುಂದಕ್ಕೆ ತಳ್ಳಿಕೊಂಡು ಉಗುರಿಗೆ ಪೆಟ್ಟಾಗುವುದು ಹೆಚ್ಚು, ಇಳಿದ ಮೇಲೆ ಇನ್ನೊಮ್ಮೆ ನೋಡು. ನೇತ್ರಾವತಿಯಲ್ಲಿ ಮಿಂದ ಮೇಲೆ ಬೆರಳ ಸಂದುಗಳನ್ನು ಒಣಬಟ್ಟೆಯಲ್ಲಿ ಒರೆಸಿಕೋ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಸಂದಿಗೆ ಬೇಡ.

ಆಣಿ ಎದ್ದರೆ ಬ್ಲೇಡು ಹಿಡಿಯಬೇಡ, ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯನ್ನೂ ಅಂಟಿಸಬೇಡ, ಅದರಲ್ಲಿನ ಆಮ್ಲಕ್ಕೆ ಆಣಿ ಯಾವುದು ಚರ್ಮ ಯಾವುದು ಅನ್ನುವ ಭೇದವಿಲ್ಲ. ಗುಳ್ಳೆ ಒಡೆಯಬೇಡ. ಗಾಯ ಕಂಡ ದಿನವೇ ತೋರಿಸು.

ಶಿವರಾತ್ರಿಗೆ ಇನ್ನೂ ಎರಡು ತಿಂಗಳಿದೆ. ಬೂಟನ್ನು ಈ ಶನಿವಾರವೇ ತೆಗೆದುಕೋ, ಸಂಜೆ ಹೋಗು, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ, ಬೆಳಗ್ಗೆ ಸರಿಯಾದದ್ದು ಸಂಜೆಗೆ ಕಚ್ಚುತ್ತದೆ. ಮೊದಲು ಒಂದು ಹಾಳೆಯ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಆ ಹಾಳೆ ಒಯ್ಯಿ. ಬೂಟಿನ ಅಡಿ ಆ ಗೆರೆಗಿಂತ ಕಿರಿದಾಗಿದ್ದರೆ, ಅಂಗಡಿಯವನು ಹಾಕಿಕೊಂಡಂತೆಲ್ಲ ಸಡಿಲ ಆಗುತ್ತದೆ ಸಾರ್ ಅಂದರೂ, ವಾಪಸು ಕೊಡು. ಬಿಗಿ ಇದ್ದರೇನೇ ಸರಿಯಾದ ಸೈಜು ಅನ್ನಿಸುವುದೂ ಸ್ಪರ್ಶ ಕುಗ್ಗಿದವರ ಲಕ್ಷಣವೇ. ಡಾಕ್ಟರು ಎಂಸಿಆರ್ ಚಪ್ಪಲಿ ಅಂದರೆ ಮುಖ ಸಿಂಡರಿಸಬೇಡ, ಆ ಮೆತ್ತನೆಯ ರಬ್ಬರಿನ ಅಟ್ಟೆ ಒತ್ತಡವನ್ನು ಇಡೀ ಪಾದಕ್ಕೆ ಹಂಚುತ್ತದೆ, ಈಗ ಬೆಲ್ಟಿರುವ ಚೆಂದದ ನಮೂನೆಗಳೂ ಸಿಗುತ್ತವೆ. ಹೊಸತನ್ನು ಮೊದಲ ದಿನ ಒಂದು ಗಂಟೆ ಹಾಕು, ತೆಗೆದು ನೋಡು, ಎಲ್ಲೂ ಕೆಂಪಗಾಗಿಲ್ಲ ಅಂದರೆ ಮರುದಿನ ಎರಡು ಗಂಟೆ. ಅಂಗಾಲು ಬಾಗಿ ನೋಡಲು ನಿನ್ನ ಹೊಟ್ಟೆ ಅಡ್ಡ ಬಂದರೆ ಕನ್ನಡಿ ನೆಲಕ್ಕಿಟ್ಟು ನೋಡು, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದು ನನಗೆ ಕಳಿಸು. ಊಟದ ತಟ್ಟೆಯ ಫೋಟೋ ಕಳಿಸಿದಷ್ಟೇ ಮುತುವರ್ಜಿಯಿಂದ ಕಳಿಸು, ರಾತ್ರಿ ಒಂಬತ್ತರ ಒಳಗೆ, ಆಮೇಲೆ ನಾನು ಮಲಗಿರುತ್ತೇನೆ.